ಮಗುಚಿಟ್ಟ ಮುಚ್ಚಳ

ಥಂಡರ್ ಬೇ ಊರಿನ ಬೇಕರಿಯೊಂದರಲ್ಲಿ ಹಿಟ್ಟು ನಾದುವ ವರ್ನಾ ಲೆಹ್ಟಿನೆನ್‌ಗೆ ಹೆದರಿಕೆಯ ಸಿನಿಮಾದ ಹುಚ್ಚರನ್ನು ಕಂಡರೆ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು? ಪ್ರತಿ ಭಾನುವಾರ ಮಧ್ಯಾಹ್ನ ಆ ಹಿಂಡು ಅವಳ ಮನೆಗೇ ಬಂದು ಬೀಡುಬಿಡುತ್ತಿತ್ತು. ಹಿಂಡಿನ ಯಜಮಾನ ಅವಳ ಗಂಡ ರೈಮೊ. ವಾರವಿಡೀ ಟೈರ್ ಅಂಗಡಿಯ ಗಲ್ಲಾದ ಹಿಂದೆ ಆಕಳಿಸುತ್ತ ಕೂರುವ ಈ ಮನುಷ್ಯ ಭಾನುವಾರ ಬಂತೆಂದರೆ ಮಹಾ ಪಂಡಿತ.

"ರಕ್ತ ಸುರಿಸೋದು, ಕಿರುಚಿಸೋದು ಎಲ್ಲ ಮಕ್ಕಳಾಟ ಕಣೋ," ಎಂದು ಅವನು ಗೆಳೆಯ ಗಾರ್ಡ್‌ಗೆ ಪಾಠ ಹೇಳುತ್ತಿದ್ದ. "ದೃಶ್ಯದ ಹಿಂಬದಿಯಲ್ಲಿ ಒಂದು ಕುರ್ಚಿ ಇರುತ್ತೆ. ಮುಂದಿನ ಸಲ ನೋಡಿದಾಗ ಒಂಚೂರು ಸರಿದಿರುತ್ತೆ. ಯಾರೂ ಏನೂ ಹೇಳಲ್ಲ. ಅದು ಭಯ ಅಂದ್ರೆ."

"ನಿನ್ನ ಕಣ್ಣಿಗೆ ಬೀಳೋದು ನಮಗೆ ಬೀಳಲ್ಲ ಬಿಡಪ್ಪ," ಎಂದು ಗಾರ್ಡ್ ಅವನನ್ನು ಇನ್ನಷ್ಟು ಉಬ್ಬಿಸುತ್ತಿದ್ದ.

ಅವರದೊಂದು ಆಟವೂ ಇತ್ತು. ಪ್ರತಿಯೊಬ್ಬರ ಮುಂದೆ ಮೇಜಿನ ಮೇಲೆ ತಮ್ಮ ತಮ್ಮ ಬಿಯರ್ ಬಾಟಲಿಯ ಮುಚ್ಚಳ. ಸಿನಿಮಾದ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಬಾಯಿ ಬಿಡದೆ ಮುಚ್ಚಳವನ್ನು ಮಗುಚಿಡಬೇಕು. ಮೊದಲು ಮಗುಚಿದವನು ಗೆದ್ದ. ಮುಂದಿನ ವಾರ ಕಾಲು ಚಾಚುವ ದೊಡ್ಡ ಕುರ್ಚಿ ಅವನದು. ಆ ಕುರ್ಚಿಯಿಂದ ರೈಮೊನನ್ನು ಇಳಿಸಿದವರೇ ಇರಲಿಲ್ಲ. ಸಿನಿಮಾದ ಯಾವುದೋ ಮೂಲೆಯಲ್ಲಿ ಕಿಟಕಿಯ ಪರದೆ ಅಲುಗಿದರೂ ಸಾಕು, ಅವನ ಮುಚ್ಚಳ ಮಗುಚಿಕೊಂಡಿರುತ್ತಿತ್ತು.

ಹೆಂಡತಿ ಕೂದಲು ಗಿಡ್ಡ ಮಾಡಿಸಿಕೊಂಡು ಬಂದರೆ ಮಾತ್ರ ಈ ಗರುಡಗಣ್ಣಿಗೆ ಕಾಣಿಸುತ್ತಿರಲಿಲ್ಲ. ಅವಳ ತಾಯಿ ತೀರಿಕೊಂಡ ಚಳಿಗಾಲದಲ್ಲಿ ವರ್ನಾ ಊಟದ ಮೇಜಿನ ಮುಂದೆ ಕೂತು ಅಳುತ್ತಿದ್ದರೆ, "ಉಪ್ಪು ಈ ಕಡೆ ಕೊಡ್ತೀಯಾ?" ಎಂದು ಕೇಳಿದ್ದ ಮಹಾನುಭಾವ. ಹಿಂದೆಂದೋ ವಲಸೆ ಬಂದು ನೆಲೆಸಿದ ಅಲ್ಲಿನ ಫಿನ್ನಿಷ್ ಮನೆಗಳಲ್ಲಿ ದುಃಖವನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ಕಡಿಮೆ. ಅವಳೂ ಹೇಳಲಿಲ್ಲ, ಉಪ್ಪು ಕೊಟ್ಟಳು.

ಒಂದು ಭಾನುವಾರ ಕಾಫಿ ಕೊಡಲು ಬಂದವಳು ಅವರ ಹಿಂದೆ ಹಾಗೇ ನಿಂತುಬಿಟ್ಟಳು. ಪರದೆಯ ಮೇಲೆ ಒಬ್ಬ ಹೆಂಗಸು ತನ್ನದೇ ಮನೆಯಲ್ಲಿ ದಿನದಿನಕ್ಕೂ ಸವೆದುಹೋಗುತ್ತಿದ್ದಳು. ಗಂಡ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ನೋಡುತ್ತಿದ್ದವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ವರ್ನಾಳ ಕೈಯಲ್ಲಿ ಕಾಫಿ ತಣ್ಣಗಾಯಿತು. ಈ ದರಿದ್ರ ಸಿನಿಮಾಗಳಲ್ಲಿ ಇವರಿಗೆ ಏನು ಸಿಗುತ್ತದೆಂದು ಅವಳಿಗೆ ಆಗ ಅರ್ಥವಾಯಿತು. ಬೇರೆಯವರ ಮನೆ ಹಾಳಾಗುವುದನ್ನು ಬೆಚ್ಚಗೆ ಕೂತು ಮೊದಲೇ ಕಂಡುಹಿಡಿಯುವ ಸುಖ. ತನ್ನ ಮನೆಯ ಕಡೆ ತಿರುಗಿ ನೋಡುವ ಕಷ್ಟವಿಲ್ಲ.

"ಆ ಗಂಡನಿಗೆ ಕಣ್ಣಿಲ್ವಾ, ಮುಠ್ಠಾಳ," ಎಂದ ರೈಮೊ, ಬಾಯಿ ತುಂಬ ಬನ್ ತುಂಬಿಕೊಂಡು.

ವರ್ನಾ ನಿರ್ಧಾರ ಮಾಡಿದ್ದು ಅವತ್ತೇ. ತನ್ನ ಸಾಮಾನನ್ನು ಒಂದೊಂದಾಗಿ ತಂಗಿ ಇರ್ಯಾಳ ಮನೆಗೆ ಸಾಗಿಸುವುದು. ಅವನು ಒಂದೇ ಒಂದನ್ನು ಗುರುತಿಸಿ "ಎಲ್ಲಿ ಹೋಯ್ತೇ ಅದು?" ಎಂದು ಕೇಳಿದರೆ ಎಲ್ಲವನ್ನೂ ವಾಪಸು ತಂದು ಬಾಳುವುದು. ಕೇಳದಿದ್ದರೆ ಕೊನೆಯ ಸಾಮಾನಿನ ಜೊತೆ ತಾನೂ ಹೋಗುವುದು.

"ನಿನಗೇನು ತಲೆ ಕೆಟ್ಟಿದೆಯೇನೆ?" ಎಂದಳು ಇರ್ಯಾ. "ಬಾಯಿಬಿಟ್ಟು ಹೇಳಬಾರದಾ ಅವನಿಗೆ?"

"ಸಿನಿಮಾದಲ್ಲಿ ಕುರ್ಚಿ ಸರಿದದ್ದು ಅವನಿಗೆ ಯಾರಾದ್ರೂ ಹೇಳ್ತಾರಾ?" ಎಂದಳು ವರ್ನಾ.

ಮೊದಲು ಅಜ್ಜಿಯ ಗೋಡೆ ಗಡಿಯಾರ ಹೋಯಿತು. ಅವನು ಕೈಗಡಿಯಾರ ನೋಡಿಕೊಂಡ. ತಾಯಿ ನೇಯ್ದ ಚಿಂದಿಬಟ್ಟೆಯ ಜಮಖಾನೆ ಹೋಯಿತು. ನೆಲ ತಣ್ಣಗಿದೆಯೆಂದು ಗೊಣಗಿ ಎರಡು ಜೊತೆ ಕಾಲುಚೀಲ ಹಾಕಿಕೊಂಡ. ಅವಳ ತೂಗುಕುರ್ಚಿ ಹೋಯಿತು. ಆ ಜಾಗದಲ್ಲಿ ಬಿಯರ್ ಪೆಟ್ಟಿಗೆ ಇಟ್ಟ. ಕೊನೆಗೆ ಅವಳು ಟಿವಿಯ ಮೇಲೆಯೇ ನೇತುಹಾಕಿದ್ದ ಮದುವೆಯ ಫೋಟೊವನ್ನು ತೆಗೆದಳು. ಗೋಡೆಯ ಮೇಲೆ ಬಿಳಿಚಿದ ಚೌಕ ಉಳಿಯಿತು. ಅದರ ಕೆಳಗೇ ಕಣ್ಣು ನೆಟ್ಟು ಅವನು ಸಿನಿಮಾದ ಮೇಲೆ ಸಿನಿಮಾ ನೋಡಿದ. ಥೂ, ಎಂಥ ಕಣ್ಣುಗಳಪ್ಪ ಅವು.

ಉಳಿದದ್ದು ಕಾಫಿ ಕೆಟಲ್ ಒಂದೇ.

ಆ ಭಾನುವಾರ ಹಿಂಡಿಗೆ ಹೊಸಬಳೊಬ್ಬಳು ಸೇರಿದ್ದಳು, ಗಾರ್ಡ್‌ನ ಜೊತೆ ಕೆಲಸ ಮಾಡುವ ಬರ್ನಿಸ್. ರೈಮೊ ಅವಳಿಗೆ ಆಟದ ನಿಯಮವನ್ನೆಲ್ಲ ಗತ್ತಿನಿಂದ ವಿವರಿಸಿ ರಿಮೋಟ್ ಎತ್ತಿಕೊಂಡ. ಅವಳು ಒಮ್ಮೆ ಕೋಣೆಯ ಸುತ್ತ ನೋಡಿದಳು. ಗೋಡೆಯ ಚೌಕ, ಬರಿಯ ಮೊಳೆ, ತೂಗುಕುರ್ಚಿ ನೆಲದಲ್ಲಿ ಉಳಿಸಿಹೋದ ಎರಡು ಗೀರು. ಮೆಲ್ಲಗೆ ತನ್ನ ಮುಚ್ಚಳ ಮಗುಚಿಟ್ಟಳು.

"ಇನ್ನೂ ಶುರುವೇ ಮಾಡಿಲ್ಲವಲ್ರೀ," ಎಂದು ರೈಮೊ ನಕ್ಕ.

"ಸಿನಿಮಾದ್ದಲ್ಲ," ಎಂದಳು ಬರ್ನಿಸ್. "ಈ ಮನೇದು."

ಗಾರ್ಡ್ ತಲೆ ತಗ್ಗಿಸಿ ತನ್ನ ಮುಚ್ಚಳವನ್ನೂ ಮಗುಚಿದ. ಪಕ್ಕದಲ್ಲಿದ್ದ ಮುದುಕ ಕ್ಲಾರೆನ್ಸ್ ಒಂದು ಸಲ ಕೆಮ್ಮಿ ತನ್ನದನ್ನೂ ಮಗುಚಿದ.

ವರ್ನಾ ಅಡುಗೆಮನೆಯ ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದಳು. ಇವರನ್ನೆಲ್ಲ ಇಷ್ಟು ತಿರಸ್ಕಾರದಿಂದ ಕಂಡಿದ್ದವಳಿಗೆ ಆ ಗಳಿಗೆಯಲ್ಲಿ ಒಂದೇ ಆಸೆ. ಈಗಲಾದರೂ ಕೇಳಲಿ. ಬೇರೆಯವರು ತೋರಿಸಿಕೊಟ್ಟ ಮೇಲೆ ಕೇಳಿದರೂ ಚಿಂತೆಯಿಲ್ಲ, ಇವತ್ತೇ ಹೋಗಿ ಎಲ್ಲ ತಂದುಬಿಡುತ್ತೇನೆ.

ರೈಮೊ ಕತ್ತು ತಿರುಗಿಸಿ ನೋಡಿದ. ಮೊಳೆ ನೋಡಿದ, ನೆಲ ನೋಡಿದ. ಬಿಳಿಚಿದ ಚೌಕವನ್ನು ತುಂಬ ಹೊತ್ತು ನೋಡಿದ. ಅವನ ಮುಖ ಬಾಡಿತು. ಆಮೇಲೆ ಗಾರ್ಡ್‌ನ ಕಡೆ ತಿರುಗಿದ.

"ನಿನಗೆ ಯಾವಾಗ ಗೊತ್ತಾಯ್ತೋ?"

"ಗಡಿಯಾರ ಹೋದಾಗ್ಲೇ. ನಿಮ್ಮನೆ ವಿಷಯ, ನಾನ್ಯಾಕೆ ಮೂಗು ತೂರಿಸಲಿ ಅಂತ ಸುಮ್ಮನಿದ್ದೆ."

"ಅದೆಲ್ಲ ಲೆಕ್ಕಕ್ಕೆ ಬರಲ್ಲ," ಎಂದ ರೈಮೊ. ನಿಜವಾಗಿಯೂ ನೊಂದಿದ್ದ. "ಮುಚ್ಚಳ ಮಗುಚಿರಲಿಲ್ಲವಲ್ಲ ನೀನು. ಹಾಗಾದ್ರೆ ಮೊದಲು ಯಾರು ಅಂತ ಆಯ್ತು ಈಗ, ಇವರಾ?" ಎಂದು ಬರ್ನಿಸ್ ಕಡೆ ಕೈ ತೋರಿಸಿದ.

ವರ್ನಾ ಮುಂದೆ ಬಂದಳು. ಅವನ ಮುಂದಿದ್ದ ಮುಚ್ಚಳವನ್ನು ತಾನೇ ಎತ್ತಿ ಮಗುಚಿಟ್ಟಳು.

"ನಾನು," ಎಂದಳು. "ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗಿದ್ದು."

ಕೆಟಲಿನಲ್ಲಿದ್ದ ಕಾಫಿಯನ್ನು ಸಿಂಕಿಗೆ ಸುರಿದು, ಅದನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಕೋಟು ತೊಟ್ಟು ಹೊರಗೆ ಹೋಗಿ ಕಾರು ತೆಗೆದಳು. ಅವಳು ತಿರುವು ದಾಟುವಷ್ಟರಲ್ಲಿ ಒಳಗೆ ರೈಮೊ ದೊಡ್ಡ ಕುರ್ಚಿಯಿಂದೆದ್ದು ಗೆದ್ದ ಬರ್ನಿಸ್‌ಗೆ ಮುಂದಿನ ವಾರಕ್ಕೂ ಕಾಯದೆ ಜಾಗ ಬಿಟ್ಟುಕೊಡುತ್ತಿದ್ದ.