ಅಡವಿ ಗೇಟಿನಾಗ ಸಿಕ್ಕ ಎಂಜಲ ಎಲಿ

ಬ್ರಿಟಿಷರ ಆಳಿಕಿ ಇನ್ನೂ ಇದ್ದ ಕಾಲ. ತಿಳವಳ್ಳಿಗೆ ಅಕ್ಕನ ಮನಿಗೆ ಹೋಗಿದ್ದೆ. ಜಿಂಕಿ ತೋರಸ್ತೇನಿ ಬಾ ಅಂತ ಅಕ್ಕ ಗುಡ್ಡದ ಮ್ಯಾಲಿನ ಸರಕಾರಿ ಅಡವಿಗೆ ಕರಕೊಂಡು ಹೋದಳು. ಜಿಂಕಿ ಹಿಂಡು ಕಂಡ ಖುಷಿಗೆ ಅಲ್ಲೇ ಬುತ್ತಿ ಬಿಚ್ಚಿದಿವಿ. ಮನಿಯಿಂದ ತಂದ ಮುತ್ತಲ ಎಲಿ ಮ್ಯಾಲ ರೊಟ್ಟಿ, ಎಣಗಾಯಿ.

ತಿರುಗಿ ಬರೂವಾಗ ಅಕ್ಕನ ಕೈಯಾಗಿನ ಉಂಡ ಎಲಿ ನೋಡಿ ಗೇಟಿನ ಗಾರ್ಡ್ ಅಡ್ಡ ನಿಂತ.

“ಅಡವಿ ಎಲಿ ಹೊರಗ ಒಯ್ಯಂಗಿಲ್ರಿ.”

“ಉಂಡ ಎಲಿ ಐತಪಾ, ನಮ್ಮ ಹಿತ್ತಲದ್ದು,” ಅಂದಳು ಅಕ್ಕ.

“ಹಿತ್ತಲದ್ದು ಅಂತ ಎಲಿ ಮ್ಯಾಲ ಬರದೈತೇನ್ರಿ?”

“ಹಂಗಾರ ಇಲ್ಲೇ ಒಗೀತೇನಿ.”

“ಒಳಗ ಎಂಜಲ ಚೆಲ್ಲಂಗಿಲ್ರಿ.”

“ಹೋಗ್ಲಿ, ನೀನ ಇಟ್ಕೋ.”

“ಎಂಜಲ ಎಲಿ ನಾ ಮುಟ್ಟಂಗಿಲ್ಲವ್ವಾ!”

ಎಲಿ ಒಳಗೂ ಇರಂಗಿಲ್ಲ, ಹೊರಗೂ ಬರಂಗಿಲ್ಲ. ನನಗ ಊರಿಗೆ ತಿರುಗಿ ಹೋಗಾಕ ಹಾನಗಲ್ಲಿನ ಸಂಜಿ ಮೋಟಾರು ತಪ್ಪೀತು ಅನ್ನೋ ಚಿಂತಿ. ಅಷ್ಟರಾಗ ಹೊರಗ ನಿಂತಿದ್ದ ಕೆಂಪು ಆಕಳೊಂದು ಗೇಟಿಗೆ ಅಡ್ಡ ಹಾಕಿದ್ದ ಗಳದ ಮ್ಯಾಲಿಂದ ಕುತಿಗಿ ಚಾಚಿ, ಅಕ್ಕನ ಕೈಯಾಗಿನ ಎಲಿ ಕಸಗೊಂಡು ಎಣಗಾಯಿ ರಸದ ಸಮೇತ ತಿಂದುಬಿಟ್ಟಿತು.

“ಅಡವಿಯಾಗ ದನಾ ಮೇಯಬಾರದು ಅಂತ ಕಾಯಿದೆ ಇಲ್ಲೇನಪಾ?” ಅಕ್ಕ ಬಿಡಲಿಲ್ಲ.

“ಐತ್ರಿ. ಆದರ ಅದರ ಕಾಲು ನಾಕೂ ಹೊರಗ ಅದಾವಲ್ರಿ,” ಅಂದು ಗಾರ್ಡ್ ಗಂಭೀರವಾಗಿ ಗಳ ಎತ್ತಿದ.

ನಕ್ಕೋತ ಇಳಿಜಾರು ಇಳಿಯೂವಾಗ ಹಿಂದಿನಿಂದ ಅವನ ದನಿ ಕೇಳಿತು: “ಗೌರೀ, ಹೊಟ್ಟಿ ತುಂಬಿತೇನವ್ವಾ? ನಡಿ, ಮನಿಗೆ ಹೋಗೂಣು.”

ಆ ಕಟ್ಟುನಿಟ್ಟು ಕಾಯಿದೆಯಿಂದ ಕರದ ಹಾಲು ಯಾರ ಒಲಿ ಮ್ಯಾಲ ಕಾಯ್ತಿತ್ತು ಅನ್ನೋದು ಆವಾಗ ತಿಳೀತು.