ಲೋಡಿಗೆ ಒರಗಿದ ಪಾಪ

ಲೋಡಿಗೆ ಒರಗಿ ಕೂಡುವ ವಿದ್ಯೆಯಲ್ಲಿ ನಾನು ಮೆಟ್ರಿಕ್ಕಿಗಿಂತ ಮುಂದೆ ಓದಿದವನು. ಪುಣೆಯ ಒಂದು ಕಚೇರಿಯಲ್ಲಿ ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು ಜೀವಮಾನವೆಲ್ಲ ಕಾರಕೂನಿಕೆ ಮಾಡಿದೆ. ಪಿಂಚಣಿಯಾದ ದಿನವೇ ನಿಶ್ಚಯಿಸಿಬಿಟ್ಟೆ, ಇನ್ನು ಈ ಬೆನ್ನು ಆಧಾರವಿಲ್ಲದೆ ಕೂಡಬಾರದು. ಗೋಡೆ, ಕಂಬ, ಜೋಳದ ಚೀಲ, ಯಾವುದಾದರೂ ನಡೆಯುತ್ತದೆ. ಆದರೆ ಲೋಡಿನ ಸುಖ ಲೋಡಿಗೇ. ಗೋಡೆ ನಮ್ಮನ್ನು ತಡೆಯುತ್ತದೆ, ಲೋಡು ಒಪ್ಪಿಕೊಳ್ಳುತ್ತದೆ. ಇಷ್ಟೆಲ್ಲ ತಿಳಿದವನು ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕಣ್ಣು ಮುಚ್ಚಿಕೊಂಡೇ ಒರಗಿದೆ. ಒಪ್ಪಿಕೊಳ್ಳದ ಲೋಡೂ ಇರುತ್ತದೆ ಎಂಬುದು ಅಂದು ತಿಳಿಯಿತು.

ಅದು ನನ್ನ ಹೆಂಡತಿ ಕೃಷ್ಣಾಬಾಯಿ ಲೇಸ್ ಹೆಣೆಯುವ ಲೋಡು. ನೋಡಲು ನಮ್ಮ ಲೋಡಿನ ತಮ್ಮನಂತೆಯೇ ಇರುತ್ತದೆ. ಒಳಗೆ ಹತ್ತಿಯ ಬದಲು ಭೋರ್ ಕಡೆಯಿಂದ ಬರುವ ಭತ್ತದ ಹುಲ್ಲನ್ನು ಗಟ್ಟಿಯಾಗಿ ತುರುಕಿರುತ್ತಾರೆ. ಮೇಲೆ ಸಣ್ಣ ತೂತುಗಳ ನಕ್ಷೆಯಿರುವ ದಪ್ಪ ಕಾಗದ. ಬೆರಳುದ್ದದ ಮರದ ಕಡ್ಡಿಗಳಿಗೆ ದಾರ ಸುತ್ತಿ ಜೋಡಿಜೋಡಿಯಾಗಿ ಇಳಿಬಿಟ್ಟಿರುತ್ತಾರೆ. ನಾಲ್ಕು ಕಡ್ಡಿ ಕೈಗೆತ್ತಿಕೊಂಡು, ಒಂದರ ಮೇಲೊಂದು ದಾಟಿಸಿ, ತಿರುವಿ, ನಕ್ಷೆಯ ತೂತಿನಲ್ಲಿ ಗುಂಡುಸೂಜಿ ಚುಚ್ಚಿ ಆ ತಿರುವನ್ನು ನಿಲ್ಲಿಸಬೇಕು. ಹೀಗೆ ದಾಟಿಸುತ್ತ, ತಿರುವುತ್ತ, ಚುಚ್ಚುತ್ತ ಹೋದರೆ ಜೇಡರ ಬಲೆಯಂಥ ಬಿಳಿಯ ಅಂಚು ಇಳಿದು ಬರುತ್ತದೆ. ಹಿಂದೆ ವಿಲಾಯತಿಯ ರಾಜರು ಇದನ್ನು ಕೊರಳಿಗೆ ಕಟ್ಟಿಕೊಂಡು ಯುದ್ಧಕ್ಕೂ ಹೋಗುತ್ತಿದ್ದರಂತೆ. ನನ್ನ ಅನುಭವದಲ್ಲಿ ಯುದ್ಧ ನಡೆಯುವುದು ಕಟ್ಟಿಕೊಳ್ಳುವಾಗಲ್ಲ, ಹೆಣೆಯುವಾಗ.

ಕೃಷ್ಣಾಬಾಯಿ ಇದನ್ನು ಕಲಿತದ್ದು ಎದುರು ಮನೆಯ ರೂಥಬಾಯಿಯಿಂದ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಮರಾಠಿ ಕ್ರಿಶ್ಚಿಯನ್ ಹೆಂಗಸು ಆಕೆ. ಧಾರವಾಡದ ತವರಿನಲ್ಲಿ ಕಸೂತಿಯಲ್ಲಿ ಪಳಗಿದ್ದ ನಮ್ಮಾಕೆಯ ಕೈಗೆ ಇದು ಬೇಗ ಹತ್ತಿತು. ಹೆಣೆಯಲು ಕಾರಣವೂ ಬಂತು. ನಮ್ಮ ಒಬ್ಬಳೇ ಮಗಳು ಶಾಂತಾ ಬೆಳಗಾವಿಯಿಂದ ಬಾಣಂತನಕ್ಕೆ ಬರುವವಳಿದ್ದಳು. ಅವಳ ಮೊದಲ ಕೂಸು ಉಳಿದಿರಲಿಲ್ಲ. ಈ ಕೂಸಿಗೆ ತವರಿನಿಂದ ಕೊಡುವ ಕುಂಚಿಗೆ, ಅಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆಗೆ, ಸುತ್ತಲೂ ಲೇಸ್ ಇರಬೇಕೆಂದು ಕೃಷ್ಣಾಬಾಯಿಯ ಆಸೆ. ಆದರೆ ಕೂಸು ಹುಟ್ಟುವ ಮೊದಲು ಅದಕ್ಕೆ ಬಟ್ಟೆ ಹೊಲಿಯಬಾರದು ಎಂಬುದು ನಮ್ಮಲ್ಲಿಯ ಕಟ್ಟಳೆ.

"ಅರಿವಿ ಹೊಲೀಬಾರದು, ಖರೆ," ಎಂದಳು ಕೃಷ್ಣಾಬಾಯಿ. "ಆದ್ರ ಇದು ಅರಿವಿ ಎಲ್ಲ್ಯದರೀ? ಬರೇ ತೂತು. ತೂತಿಗೆ ಯಾವ ಶಾಸ್ತ್ರ?"

ತೂತುಗಳನ್ನು ನಿಷೇಧಿಸಿದ ಶಾಸ್ತ್ರ ನನಗೂ ಗೊತ್ತಿರಲಿಲ್ಲ. ಮನೆಯ ಪಂಡಿತನಾಗಿ ಅಪ್ಪಣೆ ಕೊಟ್ಟೆ.

ಆ ಮಧ್ಯಾಹ್ನ ಅವಳು ಓಣಿಯಲ್ಲೊಂದು ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗಿದ್ದಳು. ನಾನು ಒರಗಿದೆ. ಚೇಳುಗಳ ಸಂಸಾರವೊಂದು ಒಟ್ಟಿಗೇ ಕುಟುಕಿದಂತಾಯಿತು. ಚಂಗನೆ ಎದ್ದರೆ ಲೋಡೂ ಅಂಗಿಗೆ ಸಿಕ್ಕಿಕೊಂಡು ನನ್ನ ಜೊತೆಗೇ ಎದ್ದು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಉರುಳಿತು. ಕಡ್ಡಿಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡವು, ಕೆಲವು ದಾರ ಹರಿದವು. ಯುದ್ಧದ ಕಾಲ, ಆ ಸಣ್ಣ ದಾರ ಅಂಗಡಿಯಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ. ಸರಿಪಡಿಸಲು ಹೋದೆ. ಒಂದು ಕಡ್ಡಿ ಬಿಡಿಸಿದರೆ ಇನ್ನೆರಡು ಸಿಕ್ಕು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲುಂಗುರದ ಸಪ್ಪಳ. ಕಿಟಕಿಯಲ್ಲಿ ನಮ್ಮ ಬೆಕ್ಕು ಯಾರ ತಂಟೆಗೂ ಹೋಗದೆ ಮುಖ ತೊಳೆದುಕೊಳ್ಳುತ್ತಿತ್ತು.

"ಅಯ್ಯ, ಇದೇನಾತರೀ?"

"ಬೆಕ್ಕು," ಎಂದೆ.

ಬೆಕ್ಕನ್ನು ಕೊಂದರೆ ಏನು ಪ್ರಾಯಶ್ಚಿತ್ತವೆಂದು ಧರ್ಮಶಾಸ್ತ್ರದಲ್ಲಿ ವಿವರವಾಗಿ ಹೇಳಿದೆಯಂತೆ. ಬೆಕ್ಕಿನ ಮೇಲೆ ಸುಳ್ಳು ಹೊರಿಸಿದರೆ ಏನು ಮಾಡಬೇಕೆಂದು ಯಾವ ಋಷಿಯೂ ಹೇಳಿದಂತಿಲ್ಲ. ಅವರು ಹೆಂಡಿರ ಮುಂದೆ ಹೆಚ್ಚು ಧೈರ್ಯವಂತರಿದ್ದರೋ, ಅಥವಾ ಅವರ ಆಶ್ರಮದಲ್ಲಿ ಬೆಕ್ಕೇ ಇರಲಿಲ್ಲವೋ.

ಬೆಕ್ಕಿಗೆ ನಾಲ್ಕು ಬೈಗಳು ಬಿದ್ದು ಪ್ರಕರಣ ಮುಗಿಯುತ್ತದೆ ಎಂದುಕೊಂಡಿದ್ದೆ. ಕೃಷ್ಣಾಬಾಯಿ ಬೈಯಲಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತಳು. ಕೈಯಲ್ಲಿದ್ದ ಉಡಿಯ ಅಕ್ಕಿ ಚೆಲ್ಲಿತು.

"ಹುಟ್ಟೋದಕ್ಕ ಮೊದಲ ಕೈ ಹಚ್ಚಿದ್ನಲ್ಲ, ಅದಕ್ಕ ಬೆಕ್ಕು ಅಡ್ಡ ಬಂತು," ಎಂದಳು. "ನಂದ ತಪ್ಪು. ದೇವರು ಬ್ಯಾಡ ಅಂದ."

ಲೋಡಿಗೆ ನನ್ನ ಹಳೆಯ ಧೋತರ ಸುತ್ತಿ ಅಟ್ಟಕ್ಕೆ ಹಾಕಿದಳು. ಒಪ್ಪತ್ತು ಊಟ ಹಿಡಿದಳು. ಶಾಂತಾ ಬಂದ ಮೇಲೆ ತಾಯಿಯ ಭಯ ಇನ್ನೂ ಹೆಚ್ಚಿತು. ಮಗಳು ಮಲಗಿದರೆ ಉಸಿರಾಟ ನೋಡುತ್ತ ಕೂಡುವಳು. ಮಗಳು ಕೆಮ್ಮಿದರೆ ಇವಳು ದೇವರ ಮುಂದೆ ಓಡುವಳು. ಬೆನ್ನಿನ ನೋವು ನನಗೆ ಒಂದು ದಿನಕ್ಕೇ ಇಳಿದಿತ್ತು, ಚುಚ್ಚಿದ ಗುರುತುಗಳಷ್ಟೇ ಮಾಸಿರಲಿಲ್ಲ. ಆದರೆ ಒಂದು ಶಬ್ದದ ನನ್ನ ಸುಳ್ಳು ಅವಳ ಎದೆಯಲ್ಲಿ ಬೇರು ಬಿಡುತ್ತಿತ್ತು. ಕಡೆಗೊಂದು ಬೆಳಿಗ್ಗೆ, ಅವಳು ತುಳಸಿಗೆ ನೀರು ಹಾಕಿ ಬರುವುದನ್ನೇ ಕಾದು ನಿಂತು ಹೇಳಿಬಿಟ್ಟೆ.

"ಬೆಕ್ಕಲ್ಲ. ಅದಕ್ಕ ಒರಗಿದಂವ ನಾನು."

"ಸುಮ್ಮನಿರ್ರಿ. ನನಗ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಬ್ಯಾಡ್ರಿ."

ಹೆಂಡತಿಯ ಮುಂದೆ ಅಪರೂಪಕ್ಕೆ ಸತ್ಯ ಹೇಳಲು ಹೋದವನಿಗೆ ಸಾಕ್ಷಿ ಬೇಕಾಯಿತು. ಬೇರೆ ದಾರಿ ಕಾಣದೆ ತಿರುಗಿ ನಿಂತು ಅಂಗಿ ಎತ್ತಿದೆ. ಅವಳ ತಣ್ಣನೆಯ ಬೆರಳು ನನ್ನ ಬೆನ್ನ ಮೇಲೆ ಚುಕ್ಕೆಯಿಂದ ಚುಕ್ಕೆಗೆ ಸರಿಯಿತು.

"ಅಯ್ಯ, ನಕ್ಷಾ ಇದ್ದಂಗ ಮೂಡೇದಲ್ಲರೀ! ಶಾಂತಾ, ಬಾರೇ ಇಲ್ಲೆ, ನಿಮ್ಮಪ್ಪನ ಬೆನ್ನಮ್ಯಾಲೆ ಲೇಸ್ ಇಳದದ!"

ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕೃಷ್ಣಾಬಾಯಿ ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು.

"ನಾ ಇಲ್ಲೆ ಉಪವಾಸ ಬಿದ್ದು ಸಾಯಲಿಕ್ಕತ್ತಿದ್ದೆ. ಆ ಮೂಕ ಪ್ರಾಣಿಗೆ ಹಾಲು ಬಿಡೋದು ಬಿಟ್ಟಿದ್ದೆ."

"ತಪ್ಪಾತು."

"ತಪ್ಪಾತು ಅಂದ್ರ ದಾರ ಕೂಡತಾವೇನು? ಅಟ್ಟದಿಂದ ಇಳಸ್ರಿ. ಬಿಚ್ಚೋದೂ ನೀವ, ಹೆಣ್ಯೋದೂ ನೀವ."

ಅವಳು ಊಟ ಮಾಡತೊಡಗಿದಳು. ಆದರೆ ಮಗಳ ಪಕ್ಕದಲ್ಲಿ ಎಚ್ಚರವಿದ್ದು ಕಾಯುವುದು ನಿಲ್ಲಲಿಲ್ಲ. ಭಯಕ್ಕೆ ಕಾರಣ ಹೋಗಿತ್ತು, ಭಯ ಹೋಗಿರಲಿಲ್ಲ. ಅರ್ಧಕ್ಕೆ ನಿಂತ ಲೇಸಿನ ಮೇಲೆ ಕಣ್ಣು ಬಿದ್ದಾಗಲೆಲ್ಲ ಅವಳ ಮುಖ ಕಪ್ಪಿಡುತ್ತಿತ್ತು. ಏನೇ ಆಗಲಿ, ಕೂಸಿನ ತೊಟ್ಟಿಲ ದಿನದೊಳಗೆ ಇದನ್ನು ಮುಗಿಸಿಯೇ ತೀರಬೇಕೆಂದು ಹಟ ತೊಟ್ಟೆ. ಕಚೇರಿಯಲ್ಲಿ ಇಂಥ ಹಟ ತೊಟ್ಟಿದ್ದರೆ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾಗುತ್ತಿದ್ದೆ.

ರೂಥಬಾಯಿ ಗುರುವಾದಳು, ಹರಿದ ದಾರಗಳನ್ನು ಗಂಟುಹಾಕಿ ಕೂಡಿಸಿಕೊಟ್ಟಳು. ಲೇಸಿನಲ್ಲಿ ತಪ್ಪಿದರೆ ಕತ್ತರಿಸಿ ಎಸೆಯುವ ಹಾಗಿಲ್ಲ. ತಿರುವಿದ್ದನ್ನು ಹಿಂದಕ್ಕೆ ತಿರುವಿ, ದಾಟಿಸಿದ್ದನ್ನು ಹಿಂದಕ್ಕೆ ದಾಟಿಸಿ, ತಪ್ಪಿದ ಜಾಗದವರೆಗೂ ನಡೆದುಕೊಂಡೇ ಹೋಗಬೇಕು. "ಕಾಕಾ, ಘಾಯಿ ನಕೋ," ಅವಸರ ಬೇಡ, ಎನ್ನುವುದು ಅವಳ ಮಂತ್ರ. ಅವಳು ಆ ಕಡೆ ತಿರುಗಿದೊಡನೆ ನಾನು ಅವಸರ ಮಾಡುತ್ತಿದ್ದೆ. ಸೂಜಿ ಉಗುರಿನ ಸಂದಿಗೆ ಹೋಗುತ್ತಿತ್ತು. ತುಟಿಯಲ್ಲಿ ಸೂಜಿ ಹಿಡಿದುಕೊಂಡು ಹೆಣೆಯುವಾಗ ಸೀನು ಬಂತು. ಆ ಸೂಜಿ ಇವತ್ತಿಗೂ ಸಿಕ್ಕಿಲ್ಲ. ನನ್ನೊಳಗಂತೂ ಇಲ್ಲವೆಂದು ವೈದ್ಯರ ಅಭಿಪ್ರಾಯ.

ಒಂದು ದಿನ ಬೆರಳಿನ ರಕ್ತ ಬಿಳಿ ದಾರಕ್ಕೆ ತಾಗಿತು. ಯಾರ ರಕ್ತವೋ ಅವರ ಉಗುಳೇ ಆ ಕಲೆ ತೆಗೆಯುತ್ತದೆ ಎಂದಳು ರೂಥಬಾಯಿ. ಒಳಗಿನಿಂದ ಕೃಷ್ಣಾಬಾಯಿ ಓಡಿ ಬಂದಳು.

"ಎಂಜಲಾ? ಕೂಸಿನ ಕುಂಚಿಗಿಗೆ?"

ಹಚ್ಚಿದರೆ ಎಂಜಲು, ಬಿಟ್ಟರೆ ರಕ್ತ. ನಾನು ನಾಲಿಗೆ ಹೊರಗಿಟ್ಟುಕೊಂಡೇ ತೀರ್ಪಿಗೆ ಕಾದೆ. ಕೃಷ್ಣಾಬಾಯಿ ಸ್ವಲ್ಪ ಹೊತ್ತು ಕಲೆಯನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, "ನಾ ಈ ಕಡೆ ನೋಡತೀನಿ. ಲಗೂ ಹಚ್ಚಿ ಮುಗಸ್ರಿ," ಎಂದಳು. ಕಟ್ಟಳೆಗಳು ಬದುಕಿರುವುದೇ ಇಂಥ ಹೆಂಗಸರು ಬೇಕಾದಾಗ ಮುಖ ತಿರುಗಿಸುವುದರಿಂದ ಎಂದು ಎಷ್ಟೋ ಸಲ ಅನಿಸಿದೆ.

ಸೂಜಿ ಒತ್ತಿ ಒತ್ತಿ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಬೆರಳು ಬದನೆಕಾಯಿಯಾಯಿತು. ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು, ಉಳಿದ ಬೆರಳುಗಳಿಂದಲೇ ಕಡ್ಡಿ ದಾಟಿಸಿದೆ. ತುಂಬಿದ ಬಸುರಿ ಶಾಂತಾ ಕಂಬಕ್ಕೊರಗಿ ನೋಡುತ್ತ, "ಅಪ್ಪಾ, ಚೂರು ಉಪ್ಪು ಖಾರ ಹಾಕಿದ್ರ ಉಪ್ಪಿನಕಾಯಿ ಆಗತದ ನೋಡ್ರಿ," ಎಂದಳು. "ಇವತ್ತ ಬಿಡ್ರಲ್ಲ, ಬೆರಳು ಬಾತದ," ಎಂದು ಕೃಷ್ಣಾಬಾಯಿ ಅಂದರೂ ನಾನು ಬಿಡಲಿಲ್ಲ. ಅವಳ ಧ್ವನಿಯಲ್ಲಿ ನನ್ನ ಬೆರಳಿನ ಚಿಂತೆ ಬಂದಿತ್ತು. ಮಗಳ ಚಿಂತೆ ಬಿಟ್ಟು ಬೇರೆ ಚಿಂತೆ ಅವಳಿಗೆ ಹತ್ತಿದ್ದು ಎಷ್ಟೋ ದಿನದ ಮೇಲೆ.

ಒಂದು ನಸುಕಿನಲ್ಲಿ ಹೆಣ್ಣು ಕೂಸು ಹುಟ್ಟಿತು. ನಮ್ಮ ವಾಡೆಯ ಎಲ್ಲ ಬಿಡಾರಗಳ ಮಂದಿಯೂ ಎದ್ದು ಕೂಡುವಷ್ಟು ಜೋರಾಗಿ ಅತ್ತಿತು. ಆ ಅಳು ಕೇಳಿದ ಮೇಲೆ ಕೃಷ್ಣಾಬಾಯಿ ಗೋಡೆಗೊರಗಿ ನಿದ್ದೆ ಹೋದಳು. ನನ್ನ ಲೇಸ್ ಇನ್ನೂ ಒಂದು ಗೇಣು ಬಾಕಿಯಿತ್ತು. ತೊಟ್ಟಿಲ ದಿನದ ಬೆಳಿಗ್ಗೆ ಕೊನೆಯ ಸೂಜಿ ಕಿತ್ತೆ. ಕೂಸು ಹುಟ್ಟಿದ ಮೇಲೆ ತನ್ನ ಇಳಕಲ್ ಸೀರೆಯ ಸೆರಗಿನಿಂದ ಹೊಲಿದಿಟ್ಟಿದ್ದ ಕುಂಚಿಗೆಗೆ ಕೃಷ್ಣಾಬಾಯಿ ಅದನ್ನು ಹಚ್ಚಿದಳು.

ಬೆಳಗಾವಿಯಿಂದ ಬಂದ ಬೀಗಿತಿ ಅಂಚನ್ನು ಬೆರಳಿನಲ್ಲಿ ಸವರಿ ನೋಡುತ್ತ ಒಂದು ಕಡೆ ನಿಂತರು. "ಭಾಳ ಛಂದ ಅದರಿ. ಆದ್ರ ಇಲ್ಲಿಂದ ಯಾಕ ಹಿಂಗ ಸೊಟ್ಟ ಆಗೇದ?"

"ಅಲ್ಲಿಂದ ಮುಂದ ಅಜ್ಜನ ಕೈ ರೀ," ಎಂದಳು ಕೃಷ್ಣಾಬಾಯಿ, ನೆರೆದ ಹೆಂಗಸರೆಲ್ಲ ಕೇಳುವಂತೆ. "ಇನ್ನೂ ಕಲೀಲಿಕ್ಕತ್ತಾರ."

ಹೆಂಗಸರು ನಕ್ಕರು. ನನಗೆ ಮಾತ್ರ ಬಡ್ತಿ ಸಿಕ್ಕಂತಾಯಿತು.

ಮಗಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ಮನೆ ಬಿಕೋ ಎನ್ನುತ್ತಿತ್ತು. ಒಂದು ಮಧ್ಯಾಹ್ನ ನೋಡುತ್ತೇನೆ, ಕೃಷ್ಣಾಬಾಯಿ ಲೋಡಿನ ಮೇಲೆ ಹೊಸ ನಕ್ಷೆ ಹಚ್ಚುತ್ತಿದ್ದಾಳೆ. ಅಳತೆ ಅದೇ, ಕುಂಚಿಗೆಯ ಅಂಚಿನದು. ಯಾರು ಬಸುರಿ ಎಂದು ಕೇಳಿದೆ.

"ಯಾರೂ ಇಲ್ಲ," ಎಂದಳು, ತಲೆಯೆತ್ತದೆ. "ಯಾರ ಮನ್ಯಾಗರ ಕೂಸು ಹುಟ್ಟೇ ಹುಟ್ಟತದ. ಕೂಡ್ರಿ, ಆ ಕಡೆಯ ಕಡ್ಡಿ ನಿಮ್ಮವು."

ನಾನು ಕೈ ತೊಳೆದುಕೊಂಡು ಬಂದು ಬೆನ್ನು ನೆಟ್ಟಗೆ ಮಾಡಿ ಕೂತೆ. ಮೊದಲ ಸೂಜಿಯೇ ಹೆಬ್ಬೆರಳಿಗೆ ಚುಚ್ಚಿತು. ಇರಲಿ, ಇನ್ನೂ ಒಂಬತ್ತು ಬೆರಳು ಇವೆ.