ಛಾವಣಿಯ ಮೇಲೆ ದಸರಾ ಪೂಜೆ

ನನ್ನ ಮಗ ಮಿರಜದ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿದ್ದ. ಅದರ ತಗಡಿನ ಛಾವಣಿಯ ತುಂಬ ಸೋಲಾರ್ ಫಲಕ ಕೂಡಿಸಿದ್ದರು. ಹಗಲೆಲ್ಲ ಯಂತ್ರಗಳು ಆ ಕರೆಂಟಿನಿಂದಲೇ ನಡೆಯುತ್ತಿದ್ದವು. ಧೂಳು ಕೂತರೆ ಕರೆಂಟು ಕಡಿಮೆಯಾಗುತ್ತದಂತೆ. ಫಲಕ ತೊಳೆಯುವುದು, ನೋಡಿಕೊಳ್ಳುವುದು ಇವನ ಕೆಲಸ. ಮನೆಗೆ ಬಂದರೂ ಅದೇ ಮಾತು.

ಒಮ್ಮೆ ನಮ್ಮ ಮಾಲಗಾಂವದಲ್ಲಿ ಕರೆಂಟು ಹೋಗಿ, ಮಿಕ್ಸರಿನಲ್ಲಿ ಚಟ್ನಿ ಅರ್ಧಕ್ಕೇ ನಿಂತಿತು.

"ಅಷ್ಟ ಕರೆಂಟ ತಯಾರ ಮಾಡ್ತೀಯಲ್ಲ, ಬರುವಾಗ ಒಂದ ತಂಬಿಗಿ ತುಂಬ್ಕೊಂಡ ಬಾ," ಎಂದೆ.

"ತಂಬಿಗಿ ಸಾಲೂದಿಲ್ಲವ್ವಾ, ಕೊಡಾನ ಕೊಡು," ಎಂದು ನಕ್ಕ.

ದಸರಾ ಮುಂಜಾನೆ ಕಾರ್ಖಾನೆಯಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರಕ್ಕೆ ಪೂಜೆ ಮಾಡುತ್ತಾರೆ. ಇವನ ಯಂತ್ರ ಛಾವಣಿಯ ಮೇಲೆ. ಸೊಸೆ ಕಟ್ಟಿಕೊಟ್ಟ ಚೆಂಡುಹೂವಿನ ಹಾರ ಹಿಡಿದು ಹತ್ತಿದ. ದಿನಾ ಬೂಟು ಹಾಕಿ, ಸೊಂಟದ ಪಟ್ಟಾ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಹತ್ತುವವನು, ಅಂದು ಪೂಜೆಯೆಂದು ಎರಡನ್ನೂ ಏಣಿಯ ಬುಡದಲ್ಲಿ ಬಿಚ್ಚಿಟ್ಟ. ಇಬ್ಬನಿಗೆ ತಗಡು ಒದ್ದೆಯಾಗಿತ್ತು. ಬರಿಗಾಲು ಜಾರಿತು. ಒಳಗೆ ಬೆಳಕು ಬೀಳಲೆಂದು ತಗಡಿನ ನಡುವೆ ಪ್ಲಾಸ್ಟಿಕ್ ಶೀಟು ಹಾಕಿರುತ್ತಾರೆ. ಅದರ ಮೇಲೆ ಬಿದ್ದ. ಅದು ಒಡೆಯಿತು. ಕೆಳಗೆ ಸಿಮೆಂಟಿನ ನೆಲ.

ದವಾಖಾನೆಗೆ ನಾವು ಓಡಿಹೋದಾಗ ಅವನ ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದ.

"ಕಾಕೂ, ಬೂಟ ಹಾಕ್ಕೋ ಅಂತ ಕೆಳಗಿಂದ ಒದರಿದ್ನಿರಿ. ನೀವೇನ ಗುಡಿಯಾಗ ಬೂಟ ಹಾಕ್ಕೊಂಡ ಹೋಗ್ತೀರೇನ ಸಾಹೇಬ್ರ ಅಂದ."

"ಒದರಿದ್ರ ಆತೇನು? ಕೈ ಹಿಡದ ಇಳಸಬೇಕಿತ್ತು."

ಒಳಗೆ ಆಪರೇಷನ್ ನಡೆದಿತ್ತು. ನಾನೂ ಸೊಸೆಯೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಬದುಕಿದರೆ ಸಾಕು, ಕಾಲು ಹೋದರೂ ಹೋಗಲಿ ಎಂದುಕೊಂಡೆ.

ಪಕ್ಕದಲ್ಲಿ ಆರಗ ಊರಿನ ಒಬ್ಬಾಕೆ ಕುಳಿತಿದ್ದಳು. ಅವಳ ಗಂಡನೂ ಒಳಗಿದ್ದ. ಸಂಜೆ ಯಾರೋ ತಂದುಕೊಟ್ಟ ಬನ್ನಿ ಎಲೆಗಳನ್ನು ದಸರೆಯ ಬಂಗಾರವೆಂದು ಅಲ್ಲಿದ್ದವರಿಗೆಲ್ಲ ಹಂಚಿದಳು.

"ತಗೋರಿ ಅಕ್ಕಾ, ಬಂಗಾರದಂಗ ಇರೂಣ."

"ದವಾಖಾನ್ಯಾಗ ಎಂಥಾ ದಸರಾನ ತಂಗಿ?"

"ಒಳಗ ಇದ್ದವರ ಸಲುವಾಗರಿ."

ತೆಗೆದುಕೊಂಡೆ.

ಡಾಕ್ಟರ್ ಹೊರಗೆ ಬಂದು ಸೊಸೆಯ ಹತ್ತಿರ ಮರಾಠಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ಮರಾಠಿ ನನಗೂ ಬರುತ್ತದೆ. ಸೊಸೆ ನೆಲಕ್ಕೆ ಕುಸಿದಳು.

ಎಲೆ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಸೂತಕದ ಮನೆಗೆ ಹಬ್ಬದ ಬಂಗಾರ ಒಯ್ಯುವುದು ಹೇಗೆ? ಎಲೆ ಕೊಟ್ಟ ಆ ಆರಗದಾಕೆಯ ಮುಂದೆ ಕೈ ಚಾಚಿದೆ.

"ಇದನ್ನ ನೀನ ಇಟ್ಕೋ."

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು. ನನಗೆ ಸಿಟ್ಟು ಬರಲಿಲ್ಲ. ಅವಳ ಗಂಡ ಇನ್ನೂ ಒಳಗಿದ್ದ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.